ಅಮೆರಿಕದಲ್ಲಿ ಸ್ವಂತ ಆನ್‌ಲೈನ್ ಅಂಗಡಿ: ಸೇಲ್ಸ್ ಟ್ಯಾಕ್ಸ್ ಯಾವ್ಯಾವ ರಾಜ್ಯದಲ್ಲಿ ಕಟ್ಟಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿದ್ದುಕೊಂಡು ಎರಡು ವರ್ಷದಿಂದ ಕೈಮಗ್ಗದ ಅಂಗಿ, ಕೈಚೀಲ ಮಾರುತ್ತಿದ್ದೇನೆ. ಮೊದಲು ಒಂದು ದೊಡ್ಡ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾತ್ರ ಇತ್ತು, ಈ ವರ್ಷ ಸ್ವಂತ ವೆಬ್‌ಸೈಟೂ ಆಯಿತು. ಎರಡೂ ಸೇರಿ ವರ್ಷಕ್ಕೆ ಸುಮಾರು 70,000 ಡಾಲರ್ ವ್ಯಾಪಾರ. ಗೆಳೆಯರೊಬ್ಬರು ಸೇಲ್ಸ್ ಟ್ಯಾಕ್ಸ್ ಇರುವ ಎಲ್ಲ 45 ರಾಜ್ಯಗಳಲ್ಲೂ ರಿಜಿಸ್ಟರ್ ಮಾಡಿಸು ಅನ್ನುತ್ತಾರೆ. ಇನ್ನೊಬ್ಬರು ಸಣ್ಣವರನ್ನು ಯಾರು ಕೇಳ್ತಾರೆ, ಸುಮ್ಮನಿರು ಅನ್ನುತ್ತಾರೆ. ಪ್ರೈವಸಿ ಪಾಲಿಸಿಯನ್ನು ಬೇರೆ ಸೈಟಿನಿಂದ ಕಾಪಿ ಹೊಡೆದು ಹಾಕಿದ್ದೇನೆ, ನಗಬೇಡಿ. ಏನು ಮಾಡಲಿ?

ಅಡುಗೆ ಪಾತ್ರೆ ಮಾರುವವರ ಉತ್ತರ

ಇಬ್ಬರ ಮಾತೂ ಕೇಳಬೇಡಿ. ನಾನು ಮೊದಲನೆಯ ಥರದ ಸಲಹೆ ಕೇಳಿ ಹನ್ನೊಂದು ರಾಜ್ಯಗಳಲ್ಲಿ ರಿಜಿಸ್ಟರ್ ಮಾಡಿಸಿದ್ದೆ. ಒಮ್ಮೆ ಮಾಡಿಸಿದ ಮೇಲೆ ಆ ರಾಜ್ಯದಲ್ಲಿ ಒಂದು ಸೌಟೂ ಮಾರದಿದ್ದರೂ ಗಡುವಿಗೆ ಸರಿಯಾಗಿ ಸೊನ್ನೆ ರಿಟರ್ನ್ ಹಾಕಬೇಕು, ತಪ್ಪಿದರೆ ನೋಟಿಸು. ಕಟ್ಟಿದ ತೆರಿಗೆಗಿಂತ ಅಕೌಂಟೆಂಟ್ ಫೀಸೇ ಹೆಚ್ಚಾಯಿತು. ಮೂಗಿಗಿಂತ ಮೂಗುತಿ ಭಾರ.

ವಿಷಯ ಇಷ್ಟು. ಸುಪ್ರೀಂ ಕೋರ್ಟಿನ 1992ರ ಕ್ವಿಲ್ ತೀರ್ಪಿನ ಪ್ರಕಾರ ನಿಮ್ಮ ಅಂಗಡಿ, ಆಳು, ಸರಕು ಯಾವುದಾದರೂ ಒಂದು ಆ ರಾಜ್ಯದ ನೆಲದ ಮೇಲಿದ್ದರೆ ಮಾತ್ರ ತೆರಿಗೆ ವಸೂಲಿ ನಿಮ್ಮ ಹೊಣೆಯಾಗಿತ್ತು. 2018ರಲ್ಲಿ ಸೌತ್ ಡಕೋಟಾ ರಾಜ್ಯ ಮತ್ತು ಆನ್‌ಲೈನ್ ಪೀಠೋಪಕರಣ ಕಂಪನಿ ವೇಫೇರ್ ನಡುವಿನ ಕೇಸಿನಲ್ಲಿ ಅದೇ ಕೋರ್ಟ್ ಅದನ್ನು ಮಗುಚಿ ಹಾಕಿತು. ಈಗ ಕಾಲಿಡದ ರಾಜ್ಯದಲ್ಲೂ ವ್ಯಾಪಾರ ಒಂದು ಮಿತಿ ದಾಟಿದರೆ ಹೊಣೆ ನಿಮ್ಮದೇ. ಇದನ್ನೇ ಎಕನಾಮಿಕ್ ನೆಕ್ಸಸ್ ಅನ್ನುವುದು. ಬಹಳಷ್ಟು ರಾಜ್ಯಗಳಲ್ಲಿ ಮಿತಿ ವರ್ಷಕ್ಕೆ 1,00,000 ಡಾಲರ್, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸಿನಲ್ಲಿ 5,00,000. ಕೆಲವು ಕಡೆ 200 ಆರ್ಡರ್ ಆದರೂ ಸಾಕು ಅನ್ನುವ ಇನ್ನೊಂದು ಕೊಕ್ಕೆ ಇತ್ತು. ಆ ಕೇಸು ಗೆದ್ದ ಸೌತ್ ಡಕೋಟಾವೇ 2023ರಲ್ಲಿ ಅದನ್ನು ಕೈಬಿಟ್ಟಿತು. ಕೆಲವು ರಾಜ್ಯಗಳು ಇನ್ನೂ ಇಟ್ಟುಕೊಂಡಿವೆ. ನೀವು ಸಣ್ಣ ಸಾಮಾನು ಮಾರುವವರು, ಹಣಕ್ಕಿಂತ ಮೊದಲು ಆರ್ಡರ್ ಎಣಿಸಿ.

ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರಿದ್ದಕ್ಕೆ ತೆರಿಗೆ ಹಿಡಿದು ಕಟ್ಟುವುದು ಅವರ ಕೆಲಸ. ನಿಮ್ಮ ಸೈಟಿನಲ್ಲಿ ಮಾರಿದ್ದು ನಿಮ್ಮ ತಲೆ ಮೇಲೆ. ಆದರೆ ಮಿತಿ ಲೆಕ್ಕ ಹಾಕುವಾಗ ಕೆಲವು ರಾಜ್ಯಗಳು ಮಾರ್ಕೆಟ್‌ಪ್ಲೇಸ್ ವ್ಯಾಪಾರವನ್ನೂ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ರಾಜ್ಯವಾರು ಒಂದು ಎಕ್ಸೆಲ್ ಹಾಳೆ ಮಾಡಿ, ತಿಂಗಳಿಗೊಮ್ಮೆ ತುಂಬಿಸಿ. ಸದ್ಯಕ್ಕೆ ಖಂಡಿತ ರಿಜಿಸ್ಟರ್ ಆಗಬೇಕಾದದ್ದು ನೀವಿರುವ ನ್ಯೂಜೆರ್ಸಿಯಲ್ಲಿ.

ಬಟ್ಟೆ ವ್ಯಾಪಾರದವರು

ನ್ಯೂಜೆರ್ಸಿ ಅಂದಿರಲ್ಲ, ಅಲ್ಲೊಂದು ತಮಾಷೆ ಇದೆ. ಅಂಗಿಗೆ ತೆರಿಗೆ ಇಲ್ಲ, ಕೈಚೀಲಕ್ಕೆ 6.625%. ಪೆನ್ಸಿಲ್ವೇನಿಯಾದಲ್ಲೂ ಬಟ್ಟೆಗೆ ವಿನಾಯಿತಿ, ಚೀಲಕ್ಕೆ ಇಲ್ಲ. ನ್ಯೂಯಾರ್ಕಿನಲ್ಲಿ ಒಂದು ಬಟ್ಟೆಯ ಬೆಲೆ 110 ಡಾಲರ್ ಒಳಗಿದ್ದರೆ ರಾಜ್ಯದ ತೆರಿಗೆ ಇಲ್ಲ. ಹಾಗಾಗಿ ಸಾಫ್ಟ್‌ವೇರಿನಲ್ಲಿ ಪ್ರತಿ ಸಾಮಾನಿಗೂ ಸರಿಯಾದ ಟ್ಯಾಕ್ಸ್ ಕೋಡ್ ಹಾಕಿ. ನಾನು ಎಲ್ಲದಕ್ಕೂ ಒಂದೇ ಕೋಡ್ ಹಾಕಿ ಒಂದು ವರ್ಷ ಅಂಗಿಗೂ ತೆರಿಗೆ ಹಿಡಿದಿದ್ದೆ. ತಪ್ಪಾಗಿ ಹಿಡಿದದ್ದೂ ನಮ್ಮ ಜೇಬಿಗೆ ಬರುವುದಿಲ್ಲ: ಗ್ರಾಹಕರಿಗೆ ವಾಪಸ್ ಕೊಡಬೇಕು, ಇಲ್ಲ ಸರ್ಕಾರಕ್ಕೆ ಕಟ್ಟಬೇಕು. ಇನ್ನೊಂದು, ಬಟ್ಟೆ ಅಂದಮೇಲೆ ವೆಬ್‌ಸೈಟಿನ ವಿವರಣೆಯಲ್ಲೇ ಆಮದೋ ಇಲ್ಲಿಯದೋ ಅಂತ ಬರೆದಿರಬೇಕು, ಅದು ಗ್ರಾಹಕರ ಹಿತ ಕಾಯುವ ಫೆಡರಲ್ ಸಂಸ್ಥೆ ಎಫ್‌ಟಿಸಿಯ ನಿಯಮ.

ಪೆಟ್ಟು ತಿಂದವರೊಬ್ಬರು

ನಿಮ್ಮ ಸರಕು ಎಲ್ಲಿದೆ? ಮನೆಯ ಗ್ಯಾರೇಜಿನಲ್ಲೋ, ಮಾರ್ಕೆಟ್‌ಪ್ಲೇಸ್‌ನ ಗೋದಾಮಿನಲ್ಲೋ? ಇದನ್ನು ನನ್ನನ್ನು ಯಾರೂ ಕೇಳಲಿಲ್ಲ. ನಾನು ಒಂದೇ ಕಡೆ ಪೆಟ್ಟಿಗೆ ಕಳಿಸುತ್ತಿದ್ದೆ, ಅವರು ತಮ್ಮ ಅನುಕೂಲಕ್ಕೆ ಅದನ್ನು ಬೇರೆ ಬೇರೆ ರಾಜ್ಯಗಳಿಗೆ ಹಂಚುತ್ತಿದ್ದರು. ಕ್ಯಾಲಿಫೋರ್ನಿಯಾದ ಗೋದಾಮಿನಲ್ಲಿ ನನ್ನ ಸರಕಿತ್ತು ಅಂತ ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಸರಕೇ ಅಲ್ಲಿದ್ದ ಮೇಲೆ 5,00,000ದ ಮಿತಿಯ ಮಾತೇ ಇಲ್ಲ. ನನ್ನ ಸೈಟಿನಿಂದ ಅಲ್ಲಿಯವರು ಕೊಂಡ ಪ್ರತಿಯೊಂದಕ್ಕೂ ಮೊದಲ ದಿನದಿಂದ ತೆರಿಗೆ.

ರಾಜ್ಯದ ತೆರಿಗೆ ಇಲಾಖೆಯವರಾಗಿ ನೋಟಿಸು ಕಳಿಸುವ ಮೊದಲೇ ನಾವಾಗಿ ಹೋದರೆ ವಾಲಂಟರಿ ಡಿಸ್‌ಕ್ಲೋಷರ್ ಅಂತ ಒಂದು ದಾರಿ ಇದೆ. ಸಾಮಾನ್ಯವಾಗಿ ಮೂರು ನಾಲ್ಕು ವರ್ಷದಷ್ಟು ಹಿಂದಕ್ಕೆ ಮಾತ್ರ ಕೆದಕುತ್ತಾರೆ, ದಂಡ ಮನ್ನಾ ಆಗುತ್ತದೆ, ಬಡ್ಡಿ ಮಾತ್ರ ಕಟ್ಟಲೇಬೇಕು. ನನಗೆ ಅದೇ ಜೀವ ಉಳಿಸಿತು. ಗ್ರಾಹಕರಿಂದ ತೆರಿಗೆ ಹಿಡಿದು ಕಟ್ಟದೆ ಇಟ್ಟುಕೊಂಡವರಿಗೆ ಈ ದಯೆ ಸುಲಭವಾಗಿ ಸಿಗುವುದಿಲ್ಲ. ಆ ದುಡ್ಡು ನಮ್ಮದಲ್ಲ. ಎಲ್‌ಎಲ್‌ಸಿ (ಮಾಲೀಕರ ಹೊಣೆಗೆ ಮಿತಿ ಹಾಕುವ ಕಂಪನಿ) ಇದ್ದರೂ ಅದು ಮಾಲೀಕರ ಕುತ್ತಿಗೆಗೇ ಬರಬಹುದು. ಬೇರೆ ಬ್ಯಾಂಕ್ ಖಾತೆ ಮಾಡಿ, ವಾರಕ್ಕೊಮ್ಮೆ ಅಲ್ಲಿಗೆ ತಳ್ಳಿ.

ಕಾಪಿ ಹೊಡೆದ ಪಾಲಿಸಿ ಬಗ್ಗೆ ಮತ್ತೊಬ್ಬರು

ನಗುತ್ತಿಲ್ಲ ರೀ, ನಾನೂ ಹಾಗೇ ಶುರು ಮಾಡಿದ್ದು. ಪಾಲಿಸಿಯೇ ಇಲ್ಲದ್ದಕ್ಕಿಂತ ಸುಳ್ಳು ಪಾಲಿಸಿ ಅಪಾಯ. ನಾನು ಕಾಪಿ ಮಾಡಿದ್ದರಲ್ಲಿ ‘ನಿಮ್ಮ ಮಾಹಿತಿ ಯಾರಿಗೂ ಕೊಡುವುದಿಲ್ಲ’ ಅಂತ ಇತ್ತು, ಸೈಟಿನಲ್ಲಿ ನೋಡಿದರೆ ಮೂರು ಜಾಹೀರಾತು ಪಿಕ್ಸೆಲ್ (ಸೈಟಿಗೆ ಬಂದವರ ಜಾಡು ಹಿಡಿಯುವ ಪುಟ್ಟ ಕೋಡ್) ಕೂತಿದ್ದವು. ಹೇಳಿದ್ದೊಂದು ಮಾಡಿದ್ದೊಂದು ಆದರೆ ಎಫ್‌ಟಿಸಿ ಅದನ್ನು ವಂಚನೆ ಅಂತಲೇ ನೋಡುತ್ತದೆ.

ಕ್ಯಾಲಿಫೋರ್ನಿಯಾದ ದೊಡ್ಡ ಪ್ರೈವಸಿ ಕಾನೂನು, ಸಿಸಿಪಿಎ, ನಿಮ್ಮ ಗಾತ್ರದವರಿಗೆ ತಾಗುವುದಿಲ್ಲ. ಅದಕ್ಕೆ ಸುಮಾರು 2.66 ಕೋಟಿ ಡಾಲರಿಗಿಂತ (2025ರ ಲೆಕ್ಕ) ಹೆಚ್ಚಿನ ವಹಿವಾಟೋ, ಲಕ್ಷ ಜನರ ಮಾಹಿತಿಯೋ, ಮಾಹಿತಿ ಮಾರಿ ಅರ್ಧ ಆದಾಯವೋ ಇರಬೇಕು. ಸೌಂದರ್ಯ ಸಾಮಗ್ರಿ ಮಾರುವ ಸೆಫೋರಾ ಕಂಪನಿ 2022ರಲ್ಲಿ 12 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡದ್ದು ಈ ಕಾನೂನಿನಡಿ. ಆದರೆ ಕ್ಯಾಲಿಫೋರ್ನಿಯಾದ ಗ್ರಾಹಕರ ಹೆಸರು, ವಿಳಾಸ ಪಡೆಯುವ ಯಾವ ವಾಣಿಜ್ಯ ಸೈಟಿಗೂ ಪ್ರೈವಸಿ ಪಾಲಿಸಿ ಕಡ್ಡಾಯ, ಗಾತ್ರದ ಲೆಕ್ಕವಿಲ್ಲ. ನಿಜವಾದ ತಲೆನೋವು ಅಲ್ಲಿಯ 1967ರ ಫೋನ್ ಕದ್ದಾಲಿಕೆ ಕಾನೂನು. ಚಾಟ್ ಪೆಟ್ಟಿಗೆ, ಪಿಕ್ಸೆಲ್‌ಗಳನ್ನೂ ಕದ್ದಾಲಿಕೆ ಅಂತ ವಾದಿಸಿ, ಉಲ್ಲಂಘನೆಗೆ 5,000 ಡಾಲರಿನಂತೆ ಕೇಳಿ ವಕೀಲರು ಸಣ್ಣವರಿಗೂ ಪತ್ರ ಕಳಿಸುತ್ತಾರೆ. ಬಳಸದ ಪಿಕ್ಸೆಲ್ ಇವತ್ತೇ ತೆಗೆಯಿರಿ, ಉಳಿದದ್ದು ಒಪ್ಪಿಗೆ ಕೊಟ್ಟ ಮೇಲೆ ಮಾತ್ರ ಲೋಡ್ ಆಗಲಿ.

ಅಡುಗೆ ಪಾತ್ರೆ ಮಾರುವವರು ಮತ್ತೆ

ಒಂದು ಮರೆತೆ. ಎಷ್ಟು ದಿನದಲ್ಲಿ ಕಳಿಸುತ್ತೀರಿ ಅಂತ ಸೈಟಿನಲ್ಲಿ ಬರೆಯದಿದ್ದರೆ 30 ದಿನ ಅಂತ ಲೆಕ್ಕ. ತಡವಾದರೆ ತಿಳಿಸಿ, ಆರ್ಡರ್ ರದ್ದು ಮಾಡುವ ಆಯ್ಕೆ ಕೊಡಲೇಬೇಕು. ರಿಫಂಡ್ ಮಾಡುವಾಗ ಹಿಡಿದ ತೆರಿಗೆಯೂ ಸೇರಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಸರಕೆಲ್ಲ ಗ್ಯಾರೇಜಿನಲ್ಲೇ ಇದೆ, ಸದ್ಯ ಬಚಾವ್. ಚೀಲಕ್ಕೆ ತೆರಿಗೆ ಇದೆ ಅಂತ ಗೊತ್ತೇ ಇರಲಿಲ್ಲ, ನಾಳೆಯೇ ನ್ಯೂಜೆರ್ಸಿ ರಿಜಿಸ್ಟ್ರೇಷನ್. ನಾಚಿಕೆಯ ಪ್ರಶ್ನೆ ಇನ್ನೊಂದು: ಸೈಟಿನಲ್ಲಿರುವ ಐದು ನಕ್ಷತ್ರದ ಮೊದಲ ನಾಲ್ಕು ರಿವ್ಯೂ ನನ್ನ ತಂಗಿಯವು.

ಬಟ್ಟೆ ವ್ಯಾಪಾರದವರು

ತೆಗೆದುಬಿಡಿ. ಒಬ್ಬಳೇ ನಾಲ್ಕು ಗಿರಾಕಿಯಾಗಿ ಬರೆದಿದ್ದು ಸೀದಾ ಸುಳ್ಳು ರಿವ್ಯೂ. 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಎಫ್‌ಟಿಸಿ ನಿಯಮದಲ್ಲಿ ಒಂದೊಂದು ಉಲ್ಲಂಘನೆಗೆ 50,000 ಡಾಲರಿಗೂ ಮೀರಿದ ದಂಡಕ್ಕೆ ಅವಕಾಶವಿದೆ. ತಂಗಿ ನಿಜವಾಗಿ ಕೊಂಡು ಉಟ್ಟಿದ್ದರೆ ಒಂದೇ ಒಂದು ಬರೆಯಲಿ, ‘ಅಂಗಡಿ ನನ್ನ ಅಕ್ಕನದು’ ಅಂತ ಮೊದಲ ಸಾಲಿನಲ್ಲೇ ಹಾಕಲಿ.

ಪ್ರಶ್ನೆ ಕೇಳಿದವರು

ನಾನು ಅಣ್ಣ ರೀ. ತೆಗೆದೆ.