ಬುತ್ತಿಗೆ ಏನು ಕಟ್ಟಿಕೊಳ್ಳಲಿ?

ಪ್ರಶ್ನೆ: ಚಿತ್ರದುರ್ಗದಿಂದ ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ಹೋಗುತ್ತೇನೆ, ಏಳೂವರೆಗೆ ಮನೆ ಬಿಡಬೇಕು. ಮಧ್ಯಾಹ್ನ ಚಿತ್ರಾನ್ನ ತಿಂದರೆ ಮೂರು ಗಂಟೆಗೇ ಹಸಿವು. ಕಚೇರಿಯ ಕೆಳಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕರೆಯುತ್ತವೆ. ಸಂಜೆಯವರೆಗೆ ತಡೆಯುವ ಬುತ್ತಿ ಯಾವುದು?

ಉತ್ತರ 1: ಖಡಕ್ ಜೋಳದ ರೊಟ್ಟಿ ವಾರಕ್ಕಾಗುವಷ್ಟು ತಂದಿಡಿ. ಜೊತೆಗೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ. ಕಾಳನ್ನು ರಾತ್ರಿಯೇ ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಒಗ್ಗರಣೆಯಷ್ಟೇ ಕೆಲಸ. ರೊಟ್ಟಿಯನ್ನು ಮಾತ್ರ ಪಲ್ಯದ ಡಬ್ಬಿಗೆ ತುರುಕಬೇಡಿ, ಆವಿಗೆ ಮೆತ್ತಗಾಗಿಬಿಡುತ್ತದೆ. ಬಟ್ಟೆಯಲ್ಲಿ ಸುತ್ತಿ.

ಉತ್ತರ 2: ಬೇಸಿಗೆಗೆ ಮೊಸರನ್ನ. ಆರಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಕಲಸಿ, ಮೊಸರು ಒಂದೇ ಚಮಚ ಹಾಕಿ. ಊಟದ ಹೊತ್ತಿಗೆ ಹುಳಿಯಾಗದೆ ಹದವಾಗಿರುತ್ತದೆ.

ಪ್ರಶ್ನೆ ಕೇಳಿದವರು: ರೊಟ್ಟಿಯ ಕಟಕಟ ಸದ್ದಿಗೆ ಇಡೀ ಕಚೇರಿ ತಿರುಗಿ ನೋಡುತ್ತದಲ್ಲ!

ಉತ್ತರ 1: ನೋಡಲಿ ಬಿಡಿ. ಎರಡು ಹೆಚ್ಚಿಗೆ ಒಯ್ಯಿರಿ.