ಬಾಯಿಹುಣ್ಣು ಮಾಯುತ್ತಿಲ್ಲ, ಈಗ ಬೆನ್ನಲ್ಲೂ ನೀರುಗುಳ್ಳೆ. ಯಾವ ಟೆಸ್ಟ್ ಮಾಡಿಸಬೇಕು?

ಪ್ರಶ್ನೆ: ಅಮ್ಮನಿಗೆ 54 ವರ್ಷ. ನಾಲ್ಕು ತಿಂಗಳಿಂದ ಬಾಯಿಹುಣ್ಣು, ಈಗ ಬೆನ್ನ ಮೇಲೂ ಗುಳ್ಳೆ. ಚರ್ಮದ ಡಾಕ್ಟರು ಪೆಂಫಿಗಸ್ ಇರಬಹುದು, ಬಯಾಪ್ಸಿ ಮಾಡೋಣ ಅಂದಿದ್ದಾರೆ. ಅಮ್ಮ ಕ್ಯಾನ್ಸರ್ ಅಂದುಕೊಂಡು ಅಳುತ್ತಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಪೆಂಫಿಗಸ್ ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ನಮ್ಮ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ತಿರುಗಿಬಿದ್ದು ಗುಳ್ಳೆ ಎಬ್ಬಿಸುವ ಕಾಯಿಲೆ. ನಮ್ಮ ಅತ್ತೆಗೂ ಬಾಯಿಂದಲೇ ಶುರುವಾಗಿದ್ದು. ಉಷ್ಣ ಅಂತ ಆರು ತಿಂಗಳು ಎಳನೀರು, ಬಿ ಕಾಂಪ್ಲೆಕ್ಸ್ ಮಾತ್ರೆ. ಸಾರು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಎದೆ ಮೇಲೆ ಗುಳ್ಳೆ ಎದ್ದಾಗ ಊರಲ್ಲಿ ಸರ್ಪಸುತ್ತು ಅಂತ ಕೆಮ್ಮಣ್ಣು ಹಚ್ಚಿದರು. ಸರ್ಪಸುತ್ತು ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ಪಟ್ಟಿಯ ಹಾಗೆ ಬರುತ್ತದೆ, ಇವರಿಗೆ ಎರಡೂ ಕಡೆ ಇತ್ತು. ಗುಳ್ಳೆ ಮೆತ್ತಗೆ, ಬಟ್ಟೆ ತಾಗಿದರೂ ಒಡೆಯುತ್ತಿತ್ತು.

ಬಯಾಪ್ಸಿಯಲ್ಲಿ ಎರಡು ಚೂರು ತೆಗೆಯುತ್ತಾರಾ ಅಂತ ಕೇಳಿ. ಒಂದು ಹೊಸ ಗುಳ್ಳೆಯ ಅಂಚಿನಿಂದ, ಅದು ಚೂರು ಕೆಡದಂತೆ ಇಡುವ ದ್ರವವಾದ ಫಾರ್ಮಲಿನ್‌ಗೆ. ಇನ್ನೊಂದು ಗುಳ್ಳೆ ಪಕ್ಕದ ಚೆನ್ನಾಗಿರುವ ಚರ್ಮದಿಂದ, ಡಿಐಎಫ್ ಅಂದರೆ ಡೈರೆಕ್ಟ್ ಇಮ್ಯುನೊಫ್ಲೋರೆಸೆನ್ಸ್ ಟೆಸ್ಟಿಗೆ. ಚರ್ಮದಲ್ಲಿ ಪ್ರತಿಕಾಯ (ಆಂಟಿಬಾಡಿ) ಕೂತಿದೆಯಾ ಅಂತ ಹೊಳೆಯುವ ಬಣ್ಣದಿಂದ ನೋಡುವ ಟೆಸ್ಟ್ ಅದು. ಈ ಚೂರು ಫಾರ್ಮಲಿನ್‌ಗೆ ಬಿದ್ದರೆ ಕೆಟ್ಟಿತು! ಮಿಷೆಲ್ಸ್ ಮೀಡಿಯಂ ಅಂತ ಬೇರೆ ದ್ರವ ಇರುತ್ತದೆ. ಬೇಗ ಲ್ಯಾಬ್ ಸೇರುವುದಾದರೆ ಸಲೈನ್ ಆದರೂ ನಡೆಯುತ್ತದೆ. ನಮ್ಮಲ್ಲಿ ಎರಡೂ ಚೂರು ಒಂದೇ ಡಬ್ಬಿಗೆ ಹೋಗಿ, ಅತ್ತೆ ಮತ್ತೊಮ್ಮೆ ಚರ್ಮ ಕೊಡಬೇಕಾಯಿತು. ಬೈಸಿಕೊಂಡವಳು ನಾನು. ಆಮೇಲೆ ಬಂದ ರಿಪೋರ್ಟಿನಲ್ಲಿ ಜೀವಕೋಶಗಳ ನಡುವೆ ಐಜಿಜಿ ಎಂಬ ಪ್ರತಿಕಾಯ, ಮೀನಿನ ಬಲೆಯ ಹಾಗೆ ಕಂಡಿತ್ತು.

ಉತ್ತರ: ಗುಳ್ಳೆಗಳೆಲ್ಲ ಪೆಂಫಿಗಸ್ಸೇ ಅಲ್ಲ. ನಮ್ಮ ತಂದೆಗೆ 76. ತಿಂಗಳುಗಟ್ಟಲೆ ಬರೀ ತುರಿಕೆ, ಕಜ್ಜಿ ಅಂತ ಮುಲಾಮು ಹಚ್ಚಿದೆವು. ಆಮೇಲೆ ಬಿಗಿಯಾದ, ಬೇಗ ಒಡೆಯದ ಗುಳ್ಳೆಗಳು ಬಂದವು. ಡಿಐಎಫ್‌ನಲ್ಲಿ ಬಲೆಯಲ್ಲ, ಚರ್ಮದ ಮೇಲ್ಪದರದ ಬುಡದಲ್ಲಿ ಒಂದು ಗೆರೆ. ಬುಲ್ಲಸ್ ಪೆಂಫಿಗಾಯ್ಡ್ ಅಂತ ಬೇರೆಯೇ ಗುಳ್ಳೆ ಕಾಯಿಲೆ ಅಂದರು. ಶುಗರ್‌ಗೆ ತೆಗೆದುಕೊಳ್ಳುತ್ತಿದ್ದ ವಿಲ್ಡಾಗ್ಲಿಪ್ಟಿನ್‌ನಿಂದಲೂ ಇದು ಬರಬಹುದು ಅಂತ ಡಾಕ್ಟರು ಮಾತ್ರೆ ಬದಲಿಸಿದರು. ಅದಕ್ಕೇ ಅಮ್ಮನ ಎಲ್ಲ ಮಾತ್ರೆಚೀಟಿ ಜೊತೆಗೆ ಒಯ್ಯಿರಿ.

ಉತ್ತರ: ಡೆಸ್ಮೋಗ್ಲೀನ್ 1 ಮತ್ತು 3 ಅಂತ ರಕ್ತದ ಎಲೈಸಾ ಟೆಸ್ಟ್ ಇದೆ. ಚರ್ಮದ ಕೋಶಗಳನ್ನು ಅಂಟಿಸಿ ಹಿಡಿಯುವ ಈ ಪ್ರೋಟೀನುಗಳ ವಿರುದ್ಧದ ಪ್ರತಿಕಾಯ ಎಷ್ಟಿದೆ ಅಂತ ಅಳೆಯುತ್ತಾರೆ. ಪೆಂಫಿಗಸ್ ಬಾಯಲ್ಲಷ್ಟೇ ಇದ್ದರೆ ಸಾಮಾನ್ಯವಾಗಿ 3 ಮಾತ್ರ ಜಾಸ್ತಿ, ಚರ್ಮಕ್ಕೂ ಹಬ್ಬಿದರೆ 1 ಕೂಡ. ಆಗಲೇ ಸ್ಟೀರಾಯ್ಡ್ ಮಾತ್ರೆ ಶುರುವಾಗಿದ್ದರೆ ಬಯಾಪ್ಸಿಗೆ ಮುಂಚೆ ಡಾಕ್ಟರಿಗೆ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಬಯಾಪ್ಸಿ. ಡಬ್ಬಿ ಎರಡು ಇವೆಯಾ ಅಂತ ನಾನೇ ನೋಡುತ್ತೇನೆ.