ಅಪ್‌ಡೇಟ್: ಬಸ್ ಹತ್ತಿದರೆ ಎದೆ ಡವಡವ ಅಂತಿತ್ತಲ್ಲ, ಈಗ ಹೇಗಿದ್ದೇನೆ ಅಂದರೆ

ತಿಂಗಳ ಹಿಂದೆ ಕೇಳಿದ್ದೆ: ಮಂಡ್ಯದಿಂದ ಮೈಸೂರಿಗೆ ಬಸ್ ಹತ್ತಿದರೆ ಎದೆ ಡವಡವ, ಕೈ ತಣ್ಣಗೆ, ಇನ್ನೇನು ಪ್ರಾಣ ಹೋಯಿತು ಅನ್ನೋ ಭಯ. ಇಸಿಜಿ ನಾರ್ಮಲ್. ಏನು ಮಾಡಲಿ ಅಂತ.

ನೀವು ಹೇಳಿದ ಹಾಗೆ ಕಾಫಿ ಕಮ್ಮಿ ಮಾಡಿದ್ದರಿಂದ ನಿದ್ದೆ ಸುಧಾರಿಸಿತು. ಹಾಡು ಕೇಳಿ ಭಯ ಮರೆಯೋದು ಮಾತ್ರ ಆಗಲೇ ಇಲ್ಲ. ಸೈಕಾಲಜಿಸ್ಟ್ ಹತ್ತಿರ ಹೋಗಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಕೆಲಸ ಮಾಡಿದ್ದು ಅದೇ.

ಮೇಡಂ ಮಾತ್ರೆ ಕೊಡಲಿಲ್ಲ, ಅದು ಸೈಕಿಯಾಟ್ರಿಸ್ಟ್ ಕೆಲಸ. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಸಿದರು. ಮೊದಲು ನಿಂತ ಬಸ್ಸಲ್ಲಿ ಸುಮ್ನೆ ಕೂರೋದು. ಆಮೇಲೆ ಶ್ರೀರಂಗಪಟ್ಟಣದವರೆಗೆ. ಆಮೇಲೆ ಮೈಸೂರು. ಭಯಕ್ಕೆ ನೂರಕ್ಕೆ ಎಷ್ಟು ಅಂತ ಪುಟ್ಟ ನೋಟ್‌ಬುಕ್ಕಲ್ಲಿ ಬರೀಬೇಕು. ಒಂದು ದಿನ ಶ್ರೀರಂಗಪಟ್ಟಣದ ಹತ್ತಿರ 80 ಬರೆದೆ, ಅಕ್ಷರ ಸೊಟ್ಟಗೆ. ಇಳಿಯದೆ ಕೂತೆ. ಮೈಸೂರು ಬಸ್ ಸ್ಟ್ಯಾಂಡಲ್ಲಿ 40.

ನನಗೆ ಆಶ್ಚರ್ಯ ಆಗಿದ್ದು ಧೈರ್ಯಕ್ಕೆ ಅಂತ ಜೊತೆಗೆ ಒಯ್ಯುತ್ತಿದ್ದ ನೀರಿನ ಬಾಟಲಿ ವಿಷಯ. ಬಾಟಲಿ, ಬಾಗಿಲ ಪಕ್ಕದ ಸೀಟು ಇದ್ದಿದ್ದಕ್ಕೇ ಬದುಕಿದೆ ಅಂತ ಮನಸ್ಸು ನಂಬಿಬಿಡುತ್ತದಂತೆ, ಭಯ ಹಾಗೇ ಉಳಿಯುತ್ತದೆ. ಈಗ ಬಾಟಲಿ ಇಲ್ಲದೆ ಹಿಂದಿನ ಸೀಟಲ್ಲಿ ಹೋಗುತ್ತೇನೆ. ಎದೆ ಒಮ್ಮೊಮ್ಮೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ ಅಂತ ಬಿಡುತ್ತೇನೆ.

ಫೀಸು ಕಷ್ಟ ಅನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.